ಎರಡನೇ ಗೇರ್ ಬಿಡುವ ಬೈಕ್ ತಗೊಳ್ಳಬಹುದಾ?

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಸೆಕೆಂಡ್ ಹ್ಯಾಂಡ್ ಬೈಕ್ ಇಷ್ಟವಾಗಿದೆ, ಆದರೆ ಓಡಿಸುವಾಗ ಎರಡನೇ ಗೇರ್ ಒಂದೆರಡು ಸಲ ತಾನಾಗಿಯೇ ಬಿಟ್ಟುಹೋಯಿತು. ಮಾರುವವರು "ಕ್ಲಚ್ ಅಡ್ಜಸ್ಟ್ ಮಾಡಿಸಿದರೆ ಸರಿಹೋಗುತ್ತದೆ" ಅಂದಿದ್ದಾರೆ. ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀಯ. ಸದ್ಯಕ್ಕೆ ಕೊಡಬೇಡ. ಸ್ವಲ್ಪ ಉದ್ದ ಆಗುತ್ತದೆ, ಗ್ರೂಪಿನಲ್ಲಿ ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನೋಡು, ಗೇರ್ ಬೀಳೋದಕ್ಕೆ ಕಷ್ಟ ಆಗೋದು ಬೇರೆ, ಬಿದ್ದ ಗೇರ್ ಬಿಟ್ಟುಬರೋದು ಬೇರೆ. ಜನ ಎರಡನ್ನೂ ಸೇರಿಸಿ "ಗೇರ್ ಪ್ರಾಬ್ಲಂ" ಅಂದುಬಿಡುತ್ತಾರೆ. ಮೊದಲನೆಯದಕ್ಕೆ ಎಷ್ಟೋ ಸಲ ಕ್ಲಚ್ಚೇ ಕಾರಣ. ಎರಡನೆಯದಕ್ಕೆ ಕ್ಲಚ್ ಕೇಬಲ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ.

ಯಾಕೆ ಅಂದರೆ, ಬೈಕಿನ ಗೇರ್ ಬಾಕ್ಸಿನಲ್ಲಿ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಯೇ ಇರುತ್ತವೆ. ನೀನು ಲಿವರ್ ಒತ್ತಿದಾಗ ಒಳಗೆ ಫೋರ್ಕ್ ಅನ್ನುವ ಕವಲಿನಂಥ ತುಂಡು ಗೇರನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಗೇರಿನ ಪಕ್ಕದಲ್ಲಿ ದಪ್ಪ ದಪ್ಪ ಗುಬುಟುಗಳಿರುತ್ತವೆ, ಡಾಗ್ ಅನ್ನುತ್ತಾರೆ. ಅವು ಪಕ್ಕದ ಗೇರಿನ ಸಂದಿಗೆ ಹೋಗಿ ಕೂರುತ್ತವೆ, ಎರಡು ಕೈ ಬೆರಳು ಹೆಣೆದ ಹಾಗೆ. ಹೊಸದರಲ್ಲಿ ಈ ಡಾಗುಗಳ ಮೂಲೆ ಚೂಪಾಗಿರುತ್ತದೆ. ಸವೆದು ಗುಂಡಗಾದರೆ ರೇಸ್ ಕೊಟ್ಟಾಗ ಜಾರಿ ಹೊರಗೆ ಬರುತ್ತವೆ. ಫೋರ್ಕ್ ಬಾಗಿದ್ದರೂ ಅಷ್ಟೇ, ಡಾಗ್ ಪೂರ್ತಿ ಒಳಗೆ ಕೂರುವುದೇ ಇಲ್ಲ.

ಎರಡನೇ ಗೇರಿಗೇ ಇದು ಜಾಸ್ತಿ ಬರೋದಕ್ಕೂ ಕಾರಣ ಇದೆ. ಒಂದು ಕೆಳಗೆ, ಉಳಿದವು ಮೇಲೆ ಇರುವ ಬೈಕಿನಲ್ಲಿ ಒಂದರಿಂದ ಎರಡಕ್ಕೆ ಹೋಗಬೇಕಾದರೆ ನ್ಯೂಟ್ರಲ್ ದಾಟಬೇಕು. ಕಾಲಿನಲ್ಲಿ ಅರ್ಧಂಬರ್ಧ ಎತ್ತಿದರೆ ಗೇರ್ ಅರ್ಧವೇ ಕೂರುತ್ತದೆ. ಡಾಗಿನ ಮೂಲೆ ಮೂಲೆಗೆ ಬಡಿಯುತ್ತದೆ. ವರ್ಷಗಟ್ಟಲೆ ಹಾಗೆ ಓಡಿಸಿದರೆ ಇನ್ನೇನಾಗುತ್ತದೆ?

ಇನ್ನೊಂದು ಸಲ ಹೋಗಿ ನೀನೇ ಓಡಿಸು. ಖಾಲಿ ರಸ್ತೆ ಇರಲಿ, ಹೆಲ್ಮೆಟ್ ಇರಲಿ. ಎರಡನೇ ಗೇರಿನಲ್ಲಿ 20 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತಾ ರೇಸ್ ಜೋರಾಗಿ ಕೊಡು. ಆಮೇಲೆ ಒಮ್ಮೆಲೇ ಬಿಡು. ಮತ್ತೆ ಕೊಡು. ಹೀಗೆ ಕೆಲವು ಸಲ ಮಾಡು. ಕೊಡುವಾಗಲೂ ನೋಡಬೇಕು, ಬಿಡುವಾಗಲೂ ನೋಡಬೇಕು, ಯಾಕೆಂದರೆ ಡಾಗಿನ ಎರಡು ಕಡೆಯೂ ಬೇರೆ ಬೇರೆಯಾಗಿ ಸವೆಯುತ್ತದೆ. ಉಳಿದ ಗೇರುಗಳಲ್ಲೂ ಇದನ್ನೇ ಮಾಡು. ಸುಮ್ನೆ ನಿಧಾನಕ್ಕೆ ಒಂದು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗಲ್ಲ.

ಓಡಿಸುವಾಗ ಕಾಲು ಲಿವರ್ ಮೇಲೆ ಇಡಬೇಡ. ಮಾರುವವರು ತಾವೇ ಓಡಿಸಿ ತೋರಿಸುತ್ತೇನೆ ಅಂದರೆ ಅವರ ಎಡಗಾಲು ಗಮನಿಸು. ಗೇರ್ ಹಾಕಿದ ಮೇಲೂ ಶೂ ತುದಿ ಲಿವರಿನ ಕೆಳಗೇ ಒತ್ತಿಕೊಂಡಿದ್ದರೆ ಗೇರ್ ಬಿಡದಂತೆ ಹಿಡಿದಿದ್ದಾರೆ ಅಂತ ಅನುಮಾನ ಪಡು. ಕೆಲವರಿಗೆ ಅದು ಬೇಕಂತ ಅಲ್ಲ, ಅಭ್ಯಾಸವೇ ಆಗಿಬಿಟ್ಟಿರುತ್ತದೆ.

ಕ್ಲಚ್ ಪ್ಲೇಟ್ ಸವೆದು ಸ್ಲಿಪ್ ಆದರೂ ಇಂಜಿನ್ ಕೂಗಿಕೊಳ್ಳುತ್ತದೆ, ಆದರೆ ಅದು ಬೇರೆ ಥರ. ಕ್ಲಚ್ ಸ್ಲಿಪ್ ಎದ್ದು ಕಾಣುವುದು ಟಾಪ್ ಗೇರಿನಲ್ಲಿ. ರೇಸ್ ಕೊಟ್ಟರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಆದರೂ ಗಾಡಿ ಎಳೆಯುತ್ತಲೇ ಇರುತ್ತದೆ. ಗೇರ್ ಬಿಟ್ಟರೆ ಅದೇ ಒಂದು ಗೇರಿನಲ್ಲಿ ಟಕ್ ಅಂತ ಕಡಿದುಹೋಗುತ್ತದೆ, ನ್ಯೂಟ್ರಲ್ ಆದಂತೆ ಇಂಜಿನ್ ಒಂದೇ ಸಲ ಕಿರುಚುತ್ತದೆ. ನಿನಗೆ ಆಗಿದ್ದು ಇದೇ ತಾನೇ? ಹಾಗಾದರೆ ಕ್ಲಚ್ ಕಥೆ ನಂಬಬೇಡ.

ಚೈನ್ ಮಾತ್ರ ಒಮ್ಮೆ ನೋಡಿಬಿಡು. ಸವೆದ ಚೈನ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ಹಾರಿದರೂ ಇದೇ ಥರ ಕಟಕ್ ಅನ್ನುತ್ತದೆ. ಹಿಂದಿನ ಸ್ಪ್ರಾಕೆಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆ. ಹಲ್ಲು ಅರ್ಧ ಕಾಣುವಷ್ಟು ಎದ್ದುಬಂದರೆ, ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದರೆ, ಚೈನ್ ಸೆಟ್ ಮುಗಿದಿದೆ. ಅದು ಹೊರಗಿನ ಕೆಲಸ, ಹೆದರೋದೇನಿಲ್ಲ.

ಕಷ್ಟಪಟ್ಟು ಬೀಳುವ ಗೇರಿನ ವಿಷಯಕ್ಕೆ ಬಂದರೆ, ಇಂಜಿನ್ ಆಫ್ ಮಾಡಿ ಗಾಡಿಯನ್ನು ಹಿಂದೆ ಮುಂದೆ ಆಡಿಸುತ್ತಾ ಒಂದೊಂದೇ ಗೇರ್ ಹಾಕು. ಆಡಿಸದೆ ಹಾಕಿದರೆ ಒಳ್ಳೆ ಗಾಡಿಯಲ್ಲೂ ಸರಿಯಾಗಿ ಬೀಳಲ್ಲ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಸ್ಟಾರ್ಟ್ ಇದ್ದಾಗ ಮಾತ್ರ ಗಟ್ಟಿ ಆದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ. ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಸಿಗದೆ ಒದ್ದಾಡುವುದೂ ಹೆಚ್ಚಾಗಿ ಅದೇ. ತಣ್ಣಗಿದ್ದಾಗ ಮೊದಲನೇ ಗೇರಿಗೆ ಟಣ್ ಅಂತ ಸದ್ದು ಬಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಎಣ್ಣೆಗೆ ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಇನ್ನು ಲಿವರ್ ಒತ್ತಿದ ಮೇಲೆ ತಾನಾಗಿ ವಾಪಸ್ ಬರದಿದ್ದರೆ ಸ್ಪ್ರಿಂಗ್ ಹೋಗಿರಬಹುದು. ಬಹಳ ಬೈಕುಗಳಲ್ಲಿ ಕ್ಲಚ್ ಕವರ್ ತೆಗೆದರೆ ಅದು ಕೈಗೆ ಸಿಗುತ್ತದೆ.

ಒಂದೇ ಗೇರಿನಲ್ಲಿ ಮಾತ್ರ ಗೊಂಯ್ ಅಂತ ಸದ್ದು ಬಂದರೆ ಆ ಜೋಡಿ ಗೇರಿನ ಮೇಲೆ ಅನುಮಾನ. ಎಲ್ಲ ಗೇರಿನಲ್ಲೂ ಬಂದು, ಕ್ಲಚ್ ಹಿಡಿದು ಉರುಳಿಸಿದರೂ ಬಂದರೆ ಚೈನ್ ಅಥವಾ ಚಕ್ರದ ಬೇರಿಂಗ್ ಕಡೆ ಮೊದಲು ನೋಡು.

ಆಯಿಲ್ ಬದಲಿಸುವಾಗ ನೋಡೋಕೆ ಬಿಟ್ಟರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬಹಳ ಬೈಕುಗಳಲ್ಲಿ ಇಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಡ್ರೈನ್ ಬೋಲ್ಟಿನ ತುದಿಗೆ ಮ್ಯಾಗ್ನೆಟ್ ಇದ್ದರೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುತ್ತದೆ, ಅದು ಸಹಜ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಒಳಗೆ ಯಾವುದೋ ಹಲ್ಲಿನ ಮೂಲೆ ಮುರಿದಿರುವ ಸಾಧ್ಯತೆ ಇದೆ. ಆಯಿಲ್ ಹೊಸದಾಗಿದೆ ಅನ್ನೋದನ್ನು ಮಾತ್ರ ಗುಣ ಅಂತ ಲೆಕ್ಕಕ್ಕೆ ತಗೋಬೇಡ, ಮಾರುವ ಮುಂಚೆ ಎಲ್ಲರೂ ಬದಲಿಸುತ್ತಾರೆ.

ದುಡ್ಡಿನ ಲೆಕ್ಕ ಎಲ್ಲಿ ಕೆಡುತ್ತದೆ ಗೊತ್ತಾ? ಗೇರ್ ಒಂದರ ಬೆಲೆಯಲ್ಲಲ್ಲ. ಅದನ್ನು ಮುಟ್ಟೋಕೆ ಸಾಮಾನ್ಯವಾಗಿ ಇಂಜಿನ್ ಕೆಳಗಿಳಿಸಿ ಕ್ರ್ಯಾಂಕ್ ಕೇಸ್, ಅಂದರೆ ಅದರ ಹೊರಕವಚ, ಎರಡು ಹೋಳು ಮಾಡಬೇಕು. ಕೂಲಿ, ಗ್ಯಾಸ್ಕೆಟ್, ಆಯಿಲ್ ಸೀಲ್ ಎಲ್ಲ ಸೇರುತ್ತದೆ. ಒಂದು ಗೇರ್ ಬದಲಿಸಿ ಅದರ ಸವೆದ ಜೋಡಿಯನ್ನೂ ಫೋರ್ಕನ್ನೂ ಹಾಗೇ ಬಿಟ್ಟರೆ ಹೊಸದನ್ನೂ ಅವು ತಿಂದುಹಾಕುತ್ತವೆ. "ಹೇಗೋ ಓಡುತ್ತದೆ, ಆಮೇಲೆ ನೋಡಿದರಾಯಿತು" ಅನ್ನೋದು ಇಲ್ಲಿ ನಡೆಯಲ್ಲ. ಮುಂದೆ ಹೋಗುವವರನ್ನು ದಾಟುವಾಗ ಗೇರ್ ಬಿಟ್ಟರೆ ಎಳೆತವೇ ಇರಲ್ಲ, ರಸ್ತೆ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೀಯ.

ಹಾಗಾಗಿ ಎರಡನೇ ಗೇರ್ ಮತ್ತೆ ಬಿಟ್ಟರೆ, ಚೈನೂ ಸರಿಯಿದ್ದರೆ, ನಾನಾಗಿದ್ದರೆ ಆ ಬೈಕ್ ಬಿಟ್ಟುಬಿಡುತ್ತಿದ್ದೆ. ಅದೇ ಬೇಕು ಅಂತ ಮನಸ್ಸಿದ್ದರೆ ಮೊದಲು ನಿನ್ನ ಮೆಕ್ಯಾನಿಕ್ ಹತ್ತಿರ ಇಂಜಿನ್ ಬಿಚ್ಚಿ ಕಟ್ಟೋಕೆ ಎಷ್ಟಾಗುತ್ತದೆ ಅಂತ ಕೇಳು. ಅಷ್ಟನ್ನೂ ಬೆಲೆಯಲ್ಲಿ ಇಳಿಸಲಿ. "ಕ್ಲಚ್ ಅಷ್ಟೇ" ಅಂತ ಮತ್ತೆ ಅಂದರೆ, ಹಾಗಾದರೆ ನೀವೇ ಸರಿಮಾಡಿಸಿ ಇಡಿ, ಆಮೇಲೆ ಬಂದು ಓಡಿಸಿ ನೋಡುತ್ತೇನೆ ಅನ್ನು.

ಹೋಗುವ ಮುಂಚೆ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಹೋದ ತಕ್ಷಣ ಇಂಜಿನ್ ಹತ್ತಿರ ಕೈ ಹಿಡಿದು ನೋಡು, ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಬಿಸಿ ಗೊತ್ತಾಗುತ್ತದೆ. ಓಡಿಸಿ ಬಂದ ಮೇಲೆ ಏನಾಯಿತು ಅಂತ ಇಲ್ಲೇ ಹಾಕು.