ಅಪ್‌ಡೇಟ್: ಉದಯನ–ಅಕ್ವಿನಾಸ್ ಪ್ರಬಂಧದ ವಿಷಯಕ್ಕೆ ಒಪ್ಪಿಗೆ ಸಿಕ್ಕಿತು
ಮಡಿಕೇರಿಯಿಂದ ಕೇಳಿದ್ದೆನಲ್ಲ, ಎಂ.ಎ. ಪ್ರಬಂಧಕ್ಕೆ ‘ಉದಯನ, ಅಕ್ವಿನಾಸ್: ದೇವರ ಅಸ್ತಿತ್ವ’ ಅನ್ನೋದು ತೀರಾ ದೊಡ್ಡದಂತೆ, ಹೇಗೆ ಕಿರಿದು ಮಾಡೋದು ಅಂತ. (ಉದಯನ ನ್ಯಾಯ ದರ್ಶನದ ತಾರ್ಕಿಕ, ಅಕ್ವಿನಾಸ್ ಮಧ್ಯಯುಗದ ಕ್ರೈಸ್ತ ದಾರ್ಶನಿಕ.) ಕೈಹಿಡಿದಿದ್ದು ‘ಒಂದೇ ವಾದ ಇಟ್ಕೊಳ್ಳಿ’ ಅನ್ನೋ ಸಲಹೆ: ಉದಯನನ ನ್ಯಾಯಕುಸುಮಾಂಜಲಿಯ 5ನೇ ಸ್ತಬಕದ (ಅಧ್ಯಾಯದ) ‘ಕಾರ್ಯ’ ಹೇತು, ಅಂದ್ರೆ ಜಗತ್ತು ಉಂಟಾದದ್ದು, ಹಾಗಾಗಿ ಅದಕ್ಕೊಬ್ಬ ಕರ್ತೃ ಇರಬೇಕು ಅನ್ನೋ ವಾದ; ಅದರೆದುರು ಅಕ್ವಿನಾಸರ ಸುಮ್ಮಾ ಥಿಯೊಲಾಜಿಯೆ ಗ್ರಂಥದ 1ನೇ ಭಾಗದ 2ನೇ ಪ್ರಶ್ನೆಯಲ್ಲಿ ಬರೋ ಎರಡನೇ ಮಾರ್ಗ, ಅಂದ್ರೆ ಕಾರಣಗಳ ಸರಣಿಗೆ ಒಂದು ಮೊದಲ ಕಾರಣ ಇರಲೇಬೇಕು ಅನ್ನೋ ವಾದ. ಮಧ್ವಾಚಾರ್ಯರನ್ನೂ ಸೇರಿಸೋದು ಹೊಂದಲಿಲ್ಲ. ಅವರ ಪ್ರಕಾರ ಬ್ರಹ್ಮಕ್ಕೆ ಶಾಸ್ತ್ರವೇ ಪ್ರಮಾಣ, ಬರೀ ಅನುಮಾನ (ತರ್ಕದಿಂದ ತಿಳಿಯೋದು) ಸಾಲದು.

ನಿಜಕ್ಕೂ ಬೆರಗಾಗಿಸಿದ್ದು ಸುಮ್ಮಾದ ಅದೇ ಭಾಗದ 46ನೇ ಪ್ರಶ್ನೆ. ಜಗತ್ತಿಗೆ ಆದಿ ಇತ್ತು ಅನ್ನೋದನ್ನ ತರ್ಕದಿಂದ ಸಾಧಿಸೋಕಾಗಲ್ಲ, ಅದು ನಂಬಿಕೆಯ ವಿಷಯ ಅಂತಾರೆ ಅಕ್ವಿನಾಸ್! ನ್ಯಾಯ ದರ್ಶನದಲ್ಲೋ ಪರಮಾಣುಗಳು ನಿತ್ಯ, ಈಶ್ವರ ನಿಮಿತ್ತಕಾರಣ (ಮಡಕೆಗೆ ಕುಂಬಾರ ಇದ್ದ ಹಾಗೆ) ಮಾತ್ರ. ಇಬ್ಬರದ್ದೂ ‘ಶೂನ್ಯದಿಂದ ಸೃಷ್ಟಿ’ಯ ವಾದ ಅಂತ ಬರೆದರೆ ಹೋಲಿಕೆ ಅಲ್ಲೇ ಮುರಿಯುತ್ತೆ. ಕೊಡಗಿನವರು ಈ ಗ್ರಂಥಗಳ ಪಿಡಿಎಫ್‌ಗಳನ್ನ ಮಳೆಗಾಲಕ್ಕೆ ಮುಂಚೆ ಇಳಿಸಿಟ್ಟುಕೊಳ್ಳಿ, ಆಮೇಲೆ ನೆಟ್ ನೆಚ್ಚೋ ಹಾಗಿಲ್ಲ.