ಶುಗರ್ ಇರುವವರಿಗೆ ಪಿತ್ತಗಂಧೆ: ತುರಿಕೆ ನಿಂತು ಶುಗರ್ ಏರಿದರೆ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ರಾಮಿಪ್ರಿಲ್ ತಗೋತಾರೆ. ಹತ್ತು ದಿನದಿಂದ ಸಂಜೆಯಾದರೆ ಮೈತುಂಬ ಗಂಧೆ, ಬೆಳಗ್ಗೆ ಮಾಯ. ಮೆಡಿಕಲ್‌ನಲ್ಲಿ ಕೊಟ್ಟ ಮಾತ್ರೆಗೆ ತುರಿಕೆ ನಿಂತಿತು, ಆದರೆ ಮಧ್ಯಾಹ್ನ ಊಟದ ನಂತರ ಶುಗರ್ 310! ಗಂಧೆಯೂ ಶುಗರಿಂದಲೇ ಬಂತಾ?

ಉತ್ತರ (ಚರ್ಮವೈದ್ಯರು): ಶುಗರ್ ಏರಿತೆಂದು ಗಂಧೆ ಏಳುವುದು ಅಪರೂಪ. ಶುಗರಿನ ತುರಿಕೆ ಬೇರೆ ಥರ: ಒಣಗಿದ ಮೊಣಕಾಲ ಕೆಳಭಾಗ, ತೊಡೆಸಂದಿಯ ಫಂಗಸ್. ಇವು ಇದ್ದಲ್ಲೇ ದಿನಗಟ್ಟಲೆ ಇರುತ್ತವೆ. ಗಂಧೆ ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿದು ಇನ್ನೆಲ್ಲೋ ಏಳುತ್ತದೆ. ಒಂದರ ಸುತ್ತ ಪೆನ್ನಲ್ಲಿ ಗೆರೆ ಹಾಕಿ. ಮರುದಿನವೂ ಅಲ್ಲೇ ಇದ್ದರೆ ಅಥವಾ ಕಲೆ ಉಳಿದರೆ ತೋರಿಸಿ.

ಮಾತ್ರೆಯ ಸ್ಟ್ರಿಪ್ ಮೇಲಿನ ಹೆಸರು ಓದಿ. ಬೀಟಾಮೆಥಸೋನ್, ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಅಂತಿದ್ದರೆ ಅದು ಸ್ಟೀರಾಯ್ಡ್. 310ಕ್ಕೆ ಅದೇ ಕಾರಣ ಇರಬಹುದು. ಬೆಳಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ರಾತ್ರಿವರೆಗೆ ಶುಗರ್ ಏರಿಸುತ್ತದೆ. ಖಾಲಿ ಹೊಟ್ಟೆಯ ರೀಡಿಂಗ್ ಮಾತ್ರ ನೋಡುವವರು ಮೋಸಹೋಗುವುದು ಇಲ್ಲೇ. ವಾರಗಟ್ಟಲೆ ತಗೊಂಡಿದ್ದರೆ ಥಟ್ಟನೆ ಬಿಡಬೇಡಿ, ವೈದ್ಯರು ಹೇಳಿದಂತೆ ಇಳಿಸಿ.

ಗಂಧೆಗೆ ಬೇಕಾದ್ದು ಸೆಟ್ರಿಜಿನ್ 10 ಮಿ.ಗ್ರಾಂ ಅಥವಾ ಫೆಕ್ಸೊಫೆನಡಿನ್ 180, ದಿನಕ್ಕೊಂದು. ಇವು ಶುಗರ್ ಏರಿಸುವುದಿಲ್ಲ. ದಿನವೂ ಏಳುವ ಗಂಧೆಗೆ ಮಾತ್ರೆಯೂ ದಿನವೂ ಬೇಕು. ಗಂಧೆ ಎದ್ದಮೇಲೆ ನುಂಗಿದರೆ ತಡ. ಸಾಲದಿದ್ದರೆ ವೈದ್ಯರು ಡೋಸನ್ನು ನಾಲ್ಕು ಪಟ್ಟುವರೆಗೆ ಏರಿಸುತ್ತಾರೆ, ನೀವಾಗಿ ಬೇಡ. ಮೊದಲು ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮಾಡಿಸಿ: ಕಿಡ್ನಿ ಸೋತಿದ್ದರೆ ಸೆಟ್ರಿಜಿನ್ 5 ಸಾಕಾಗಬಹುದು. ಫೆಕ್ಸೊಫೆನಡಿನ್ ನೀರಲ್ಲೇ ನುಂಗಿ, ಹಣ್ಣಿನ ರಸದಲ್ಲಿ ಮೈಗೆ ಹತ್ತುವುದು ಕಡಿಮೆ. ಅಲರ್ಜಿಯ ಹಳೆ ಮಾತ್ರೆ ಏವಿಲ್ ಬೇಡ, ಅದರ ಮಂಪರಿನಲ್ಲಿ ಲೋ ಶುಗರಿನ ಲಕ್ಷಣ ಗೊತ್ತಾಗದೆ ಹೋದೀತು. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿದರೆ ಗಂಧೆ ಕೆರಳಬಹುದು, ಪ್ಯಾರಾಸಿಟಮಾಲ್ ಮೇಲು.

ರಾಮಿಪ್ರಿಲ್ ಮೇಲೆ ಕಣ್ಣಿರಲಿ. ಗಂಧೆಯಿಲ್ಲದೆ ತುಟಿ, ನಾಲಿಗೆ ಊದಿದರೆ ಅದೇ ಕಾರಣವಿರಬಹುದು. ವಿಲ್ಡಾಗ್ಲಿಪ್ಟಿನ್ ಎಂಬ ಶುಗರ್ ಮಾತ್ರೆ ಜೊತೆಗಿದ್ದರೆ ಅಪಾಯ ಹೆಚ್ಚು. ಆ ಊತಕ್ಕೆ ಸೆಟ್ರಿಜಿನ್ ಬಗ್ಗದು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕರಿಕಂಬಳಿ ಉಜ್ಜಿ, ಪುನರ್ಪುಳಿ ಕುಡಿಸಿ ಅಂತಾರಲ್ಲ ಮೇಡಂ?

ಉತ್ತರ: ಉಜ್ಜಿದಷ್ಟೂ, ಮೈ ಬಿಸಿಯಾದಷ್ಟೂ ಗಂಧೆ ಏಳುತ್ತದೆ. ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಡಿ. ಪುನರ್ಪುಳಿಗೆ ನನ್ನ ತಕರಾರಿಲ್ಲ, ಅದಕ್ಕೆ ಸುರಿಯುವ ಸಕ್ಕರೆಗೆ ಇದೆ.

ಪ್ರಶ್ನೆ: ಅಪ್ಪನಿಗೆ ಇನ್ಸುಲಿನ್ ಚುಚ್ಚಿದಲ್ಲಿ ಮಾತ್ರ ಕೆಂಪು ದದ್ದು. ನಿಲ್ಲಿಸೋಣವೇ?

ಉತ್ತರ: ನಿಲ್ಲಿಸಬೇಡಿ. ಸ್ಪಿರಿಟ್ ಆರುವ ಮೊದಲೇ ಚುಚ್ಚುವುದು, ಅದೇ ಸೂಜಿ, ಅದೇ ಜಾಗ. ಮೊದಲು ಇವನ್ನು ಸರಿಪಡಿಸಿ. ಆದರೂ ದದ್ದು ಬಂದರೆ ಇನ್ಸುಲಿನ್‌ಗೆ ಬೆರೆಸಿರುವ ಪ್ರೊಟಮಿನ್ ಅಥವಾ ಮೆಟಾಕ್ರೆಸಾಲ್ ಒಗ್ಗದೆ ಇರಬಹುದು, ವೈದ್ಯರು ಬೇರೆ ಬಗೆಯ ಇನ್ಸುಲಿನ್ ಬರೆಯುತ್ತಾರೆ. ಚುಚ್ಚಿದ ಸ್ವಲ್ಪ ಹೊತ್ತಲ್ಲೇ ಮೈಯೆಲ್ಲ ಗಂಧೆ, ಉಸಿರುಕಟ್ಟು, ತಲೆಸುತ್ತು ಬಂದರೆ ನೇರ ಎಮರ್ಜೆನ್ಸಿಗೆ. ಮುಂದಿನ ಡೋಸ್ ಅಲ್ಲಿನ ವೈದ್ಯರನ್ನು ಕೇಳಿಯೇ.