ಮಳೆಗಾಲದ ಪ್ರಶ್ನೋತ್ತರ: ಚರಂಡಿ, ಯುಜಿಡಿ (ನೆಲದಡಿಯ ಒಳಚರಂಡಿ), ಮನೆಗೆ ನುಗ್ಗುವ ನೀರು (ಶಿವಮೊಗ್ಗ ಗುಂಪು)

ಗೋಪಾಳದವರು: ಸರ್, ಗಾಜನೂರು ಡ್ಯಾಂ ಗೇಟ್ ತೆಗೆದಿದ್ದಾರಂತೆ. ನಮ್ಮ ಮನೆಗೆ ನೀರು ಬರುತ್ತಾ?

ಇಂಜಿನಿಯರ್: ಹೊಳೆ ಪಕ್ಕದಲ್ಲಿಲ್ಲ ಅಂದ್ರೆ ಹೊಳೆನೀರು ಬರಲ್ಲ. ಆದರೆ ತುಂಗೆ ಏರಿದಾಗ ರಾಜಕಾಲುವೆ (ಊರಿನ ಮಳೆನೀರು ಸಾಗಿಸುವ ದೊಡ್ಡ ಕಾಲುವೆ) ಹೊಳೆಗೆ ಸೇರುವ ಬಾಯಿ ಮುಳುಗುತ್ತೆ, ಊರಿನ ಮಳೆನೀರು ತಗ್ಗಿನ ಬೀದಿಯಲ್ಲೇ ನಿಲ್ಲುತ್ತೆ. ಹೊಳೆಯ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿರುವಾಗ ಊರಲ್ಲೂ ಜಡಿಮಳೆ ಹಿಡಿದರೆ ಹುಷಾರಾಗಿರಿ.

ಹಳೇ ಪೇಟೆ ಮೇಡಂ: ಬೀದಿ ನೀರು ಮೆಟ್ಟಿಲಿಗೂ ಬಂದಿರಲ್ಲ, ಬಚ್ಚಲ ನಹಣಿ ಟ್ರ್ಯಾಪಿಂದ ಗುಳುಗುಳು ಅಂತ ಕಪ್ಪು ನೀರು ಉಕ್ಕುತ್ತೆ. ಬಾಗಿಲಿಗೆ ಮರಳು ಮೂಟೆ ಇಟ್ಟರೂ ಅಷ್ಟೇ.

ಇಂಜಿನಿಯರ್: ಮೇಡಂ, ಇದು ಯುಜಿಡಿ ಹಿಮ್ಮುಖ ಹರಿವು. ಮಳೆನೀರು ನುಗ್ಗಿ ಬೀದಿಯ ಲೈನ್ ತುಂಬಿದೆ, ನಿಮ್ಮ ಬಚ್ಚಲು ಅದರ ಮಟ್ಟಕ್ಕಿಂತ ತಗ್ಗಿದೆ. ನಿಮ್ಮ ಕೊನೆಯ ಚೇಂಬರ್ ಮತ್ತು ಬೀದಿ ಮ್ಯಾನ್‌ಹೋಲ್ ನಡುವೆ, ನಿಮ್ಮ ಜಾಗದೊಳಗೇ 110 ಎಂಎಂ ನಾನ್ ರಿಟರ್ನ್ ವಾಲ್ವ್ (ನೀರನ್ನು ಹೊರಗೆ ಮಾತ್ರ ಬಿಡುವ, ಹಿಂದಕ್ಕೆ ಬಿಡದ ವಾಲ್ವ್) ಹಾಕಿಸಿ. ಬಾಣದ ಗುರುತು ಬೀದಿ ಕಡೆಗಿರಲಿ. ಮಣ್ಣಲ್ಲಿ ಹೂಳಬೇಡಿ, ಮುಚ್ಚಳ ತೆಗೆದು ಕೈ ಹಾಕುವಂಥ ಚೇಂಬರಲ್ಲಿ ಕೂರಿಸಿ. ಒಂದು ಚಿಂದಿ ಬಟ್ಟೆ ಸಿಕ್ಕಿಕೊಂಡರೂ ವಾಲ್ವಿನೊಳಗಿನ ಫ್ಲ್ಯಾಪ್ ಮುಚ್ಚಲ್ಲ.

ಪ್ಲಂಬರ್‌ಗಳು ಮರೆಯೋದು ಇಲ್ಲೇ: ವಾಲ್ವ್ ಮುಚ್ಚಿದಾಗ ನಿಮ್ಮ ಮನೆ ನೀರೂ ಹೊರಗೆ ಹೋಗಲ್ಲ. ತಾರಸಿ ಪೈಪ್ ಅದೇ ಚೇಂಬರ್‌ಗೆ ಸೇರಿದೆಯಾ ನೋಡಿ. 1200 ಚದರಡಿ ತಾರಸಿಗೆ 25 ಎಂಎಂ ಮಳೆ ಬಿದ್ದರೆ ಸುಮಾರು 2,800 ಲೀಟರ್, ಅಷ್ಟೂ ನಿಮ್ಮ ಬಚ್ಚಲಿಗೇ. ಮೊದಲು ಅದನ್ನು ಬಿಡಿಸಿ ಮಳೆನೀರಿನ ಚರಂಡಿಗೆ ತಿರುಗಿಸಿ. ಮಹಡಿಯಲ್ಲಿ ಬಾಡಿಗೆಯವರಿದ್ದರೆ ಅವರ ಪೈಪನ್ನು ವಾಲ್ವಿನಿಂದ ಆಚೆ, ಬೀದಿ ಬದಿಗೆ ಸೇರಿಸಿ. ಇಲ್ಲದಿದ್ದರೆ ಅವರ ಫ್ಲಶ್ ನಿಮ್ಮಲ್ಲಿ ಉಕ್ಕುತ್ತೆ. ಮಹಡಿ ಪೈಪ್ ಯಾವ ಚೇಂಬರ್‌ಗೆ ಬೀಳುತ್ತೆ, ಫೋಟೋ ಹಾಕಿ.

ವಿನೋಬನಗರದವರು: ಫಾರ್ವರ್ಡ್ ಬಂದಿದ್ದು: ಮ್ಯಾನ್‌ಹೋಲ್ ಮುಚ್ಚಳ ಎತ್ತಿ 3 ಕೆಜಿ ಸುಣ್ಣ ಸುರಿದರೆ ಬೀದಿ ನೀರು ಹತ್ತೇ ನಿಮಿಷದಲ್ಲಿ ಖಾಲಿ 🙏

ಇಂಜಿನಿಯರ್: ಖಾಲಿ ಆಗಲ್ಲ ಸ್ವಾಮಿ, ಮೇಡಂ ಬಚ್ಚಲಿಗೆ ಹೋಗುತ್ತೆ. ಯುಜಿಡಿ ಲೈನ್ ಮಾಡಿರೋದು ಮನೆ ಕೊಳಚೆಗೆ, ಮಳೆಗಲ್ಲ. ಕೆಸರು ನೀರಲ್ಲಿ ತೆರೆದ ಗುಂಡಿ ಕಾಣಲ್ಲ, ಜನ ಬಿದ್ದು ಸಾಯ್ತಾರೆ. ಸುಣ್ಣ ಎಲೆ ಅಡಿಕೆಗೆ ಇಟ್ಕೊಳ್ಳಿ.

ಗೋಪಾಳದವರು: ನಮ್ಮ ಕ್ರಾಸಲ್ಲೂ ಪ್ರತಿ ಮಳೆಗೂ ಮುಚ್ಚಳ ಎತ್ತೋದು ಮೇಲಿನ ಮನೆಯವರೇ.

ವಿನೋಬನಗರದವರು: ಮತ್ತೇನು ಮಾಡೋದು ಮಾರಾಯ್ರೆ, ಚರಂಡಿ ಕಟ್ಟಿದೆ.

ಗೋಪಾಳದವರು: ಕಟ್ಟಿಸಿದ್ದು ಯಾರು? ಕಾರ್ ಹತ್ತಿಸೋಕೆ ಚರಂಡಿಗೆ ಪೈಪಿಟ್ಟು ಕಾಂಕ್ರೀಟ್ ಸುರಿದಿರಲ್ಲ?

ವಿನೋಬನಗರದವರು: ಅರ್ಧ ಅಳತೆ ಪೈಪ್ ಇದೆ, ಅರ್ಧ ನೀರು ಹೋಗುತ್ತೆ.

ಇಂಜಿನಿಯರ್: ಹೋಗಲ್ಲ. 600 ಎಂಎಂ ಪೈಪಿನ ಜಾಗಕ್ಕೆ 300 ಇಟ್ಟರೆ, ಇಳಿಜಾರು ಅಷ್ಟೇ ಇದ್ದರೂ ಹೋಗೋದು ಆರನೇ ಒಂದು ಪಾಲು. ಹೂಳು ಸೇರಿದ್ರೆ ಇನ್ನೂ ಕಮ್ಮಿ. ರ್‍ಯಾಂಪ್ ಒಡೆದು ತೆಗೆಯೋ ಸ್ಲ್ಯಾಬ್ ಹಾಕಿಸಿ.

ವಿನೋಬನಗರದವರು: ಒಡೆಯೋ ಖರ್ಚು ನೀವು ಕೊಡ್ತೀರಾ?

ಗೋಪಾಳದವರು: ಕಾರಿಗೆ ದುಡ್ಡಿತ್ತಲ್ಲ!



ವಿದ್ಯಾನಗರದವರು: ಮನೆ ಮುಂದೆ ಇಂಗುಗುಂಡಿ ತೋಡಿದ್ರೆ ಪ್ರವಾಹ ನಿಲ್ಲುತ್ತಾ?

ಇಂಜಿನಿಯರ್: ಬಾವಿಗೆ ಒಳ್ಳೇದು. ಜುಲೈ ಹೊತ್ತಿಗೆ ನೆಲ ನೀರು ಕುಡಿದಿರುತ್ತೆ, ಗುಂಡಿಯೂ ತುಂಬಿರುತ್ತೆ.

ಭದ್ರಾವತಿಯವರು: ಗೇಟ್ ತೆಗೆದಿದ್ದಾರಂತೆ, ನೀರು ಬರುತ್ತಾ ಸರ್?

ಇಂಜಿನಿಯರ್: ನಿಮ್ಮದು ಭದ್ರೆ. ಗಾಜನೂರು ತುಂಗೆಗೆ. ಉಳಿದದ್ದು ಮೇಲೆ ಓದಿ.

ಗೋಪಾಳದವರು: ಸರ್, ಆ ರ್‍ಯಾಂಪ್ ಫೋಟೋ ಹಾಕ್ಲಾ?

ಇಂಜಿನಿಯರ್: ಬೇಡ. ಮೇಡಂ ಚೇಂಬರ್ ಫೋಟೋ ಎಲ್ಲಿ?